ಮಣಿಕಟ್ಟು, ಬೆರಳು ಮುರಿದರೆ: ಆಪರೇಷನ್‌ಗೆ ಮೊದಲು ಏನು, ಆಮೇಲೆ ಏನು?

ಮೆಕ್ಕೆಜೋಳದ ರಾಶಿ ಶುರುವಾದರೆ, ಅಡಿಕೆ ಕೊಯ್ಲು ಬಂದರೆ, ಮಳೆಗೆ ರಸ್ತೆ ಜಾರುವ ಹಾಗಾದರೆ ನಮ್ಮ ಕಡೆ ಕೈ ಮುರಿದುಕೊಂಡು ಬರುವವರು ಜಾಸ್ತಿಯಾಗುತ್ತಾರೆ. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಮೂಳೆ ಡಾಕ್ಟರು ತಮ್ಮ ಕೆಲಸ ಮುಗಿಸಿದ ಮೇಲೆ ಇವರೆಲ್ಲ ನನ್ನ ಹತ್ತಿರ ಬರುತ್ತಾರೆ. ಪ್ರಶ್ನೆಗಳು ಯಾವಾಗಲೂ ಅವೇ. ಆಪರೇಷನ್ ಬೇಕೇ ಬೇಕಿತ್ತಾ? ಕಟ್ಟು ಹಾಕಿಸಿದ್ದರೆ ಸಾಕಾಗುತ್ತಿರಲಿಲ್ವಾ? ಪ್ಲೇಟ್ ಯಾವಾಗ ತೆಗೆಸಬೇಕು? ಕೈ ಮೊದಲಿನ ಹಾಗೆ ಆಗುತ್ತಾ? ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೈಯ ವಿಷಯದಲ್ಲಿ ಎಲುಬು ಕೂಡುವುದು ಅರ್ಧ ಕೆಲಸ. ಬೆರಳು ಮಡಚಿ ಮುಷ್ಟಿಯಾಗಬೇಕು. ಅಂಗೈ ಮೇಲೆ ಮಾಡಿ ಚಿಲ್ಲರೆ ಇಸ್ಕೊಳ್ಳೋಕೆ ಆಗಬೇಕು. ಎಕ್ಸ್-ರೇಯಲ್ಲಿ ಚೆನ್ನಾಗಿ ಕೂಡಿರುವ ಕೈ ಕುಡುಗೋಲು ಹಿಡಿಯಲಾಗದೆ ಒದ್ದಾಡುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಆಪರೇಷನ್‌ಗೆ ಮೊದಲು ಸುಮ್ನೆ ಕಳೆದ ದಿನಗಳು, ಆಮೇಲೆ ಅಲುಗಾಡಿಸದೆ ಬಿಟ್ಟ ಬೆರಳುಗಳು, ಬಹಳ ಸಲ ಕಾರಣ ಈ ಎರಡೇ. ಎರಡೂ ನಿಮ್ಮ ಹಿಡಿತದಲ್ಲಿರುವಂಥವು.

1. ಪೆಟ್ಟಾದ ಮೊದಲ ಗಂಟೆ

ಮೊದಲು ಉಂಗುರ, ಬಳೆ, ವಾಚು ತೆಗೆಯಿರಿ. ಬೇರೆ ಏನು ಮಾಡುವುದಕ್ಕೂ ಮುಂಚೆ ಇದು. ಬಾವು ಬಂತು ಅಂದರೆ ಉಂಗುರ ಬೆರಳನ್ನು ಬಿಗಿದು ರಕ್ತದ ಓಡಾಟವನ್ನೇ ನಿಲ್ಲಿಸಬಹುದು. ಸಿಕ್ಕಿಹಾಕಿಕೊಂಡಿದ್ದರೆ ಸೋಪಿನ ನೀರು ಹಚ್ಚಿ ನಿಧಾನಕ್ಕೆ ತಿರುಗಿಸುತ್ತಾ ತೆಗೆಯಿರಿ. ಬರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ, ಅದಕ್ಕೆ ಹಿಂಜರಿಯಬೇಡಿ.

ಮಡಚಿದ ದಿನಪತ್ರಿಕೆ ಅಥವಾ ಗಟ್ಟಿ ರಟ್ಟನ್ನು ಮೊಣಕೈಯಿಂದ ಅಂಗೈವರೆಗೆ ಕೆಳಗಿಟ್ಟು, ಟವೆಲ್‌ನಿಂದ ಸಡಿಲವಾಗಿ ಸುತ್ತಿ. ಕೈ ಎದೆಗಿಂತ ಮೇಲಿರಲಿ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ಚರ್ಮಕ್ಕೆ ನೇರವಾಗಿ ಬೇಡ. ಬೆರಳು ಜಾರಿದೆ ಅಂತ ಯಾರಾದರೂ ಹಿಡಿದು ಎಳೆಯಲು ಬಂದರೆ ಬೇಡ ಅನ್ನಿ. ಕೀಲು ಜಾರಿದ ಜಾಗದಲ್ಲಿ ಎಲುಬೂ ಒಡೆದಿರಬಹುದು. ಬೆರಳಿನ ಬುಡದ ಕೀಲು ಜಾರಿದಾಗ ಕೆಲವೊಮ್ಮೆ ಒಳಗಿನ ಪೊರೆ ಕೀಲಿನ ನಡುವೆ ಸಿಕ್ಕಿಕೊಂಡಿರುತ್ತದೆ. ಆಗ ಎಷ್ಟು ಎಳೆದರೂ ಕೂರುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ.

ಗಾಯ ಇದ್ದರೆ ಅರಿಶಿನ, ಕಾಫಿ ಪುಡಿ, ಸುಣ್ಣ ಏನೂ ಹಾಕಬೇಡಿ. ಶುದ್ಧ ನೀರಿನಲ್ಲಿ ತೊಳೆದು ಸ್ವಚ್ಛ ಬಟ್ಟೆ ಸುತ್ತಿ ಹೊರಡಿ. ಎಲುಬು ಹೊರಗೆ ಕಾಣುವ ಅಥವಾ ಮುರಿದ ಜಾಗದ ಮೇಲೇ ಗಾಯವಿರುವ ಮುರಿತಕ್ಕೆ ತೆರೆದ ಮುರಿತ ಅನ್ನುತ್ತಾರೆ. ಇದಕ್ಕೆ ಟಿಟಿ ಇಂಜೆಕ್ಷನ್ ಜೊತೆ ಆಂಟಿಬಯೋಟಿಕ್ ಆದಷ್ಟು ಬೇಗ ಬೀಳಬೇಕು. ಬೆಳಗ್ಗೆ ಹೋದರಾಯ್ತು ಅನ್ನುವ ಮಾತೇ ಇಲ್ಲ.

ರಾಶಿ ಮಿಷನ್‌ಗೋ ಅಡಿಕೆ ಸುಲಿಯುವ ಮಿಷನ್‌ಗೋ ಸಿಕ್ಕಿ ಬೆರಳು ತುಂಡಾದರೆ, ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ. ಆ ಕವರನ್ನು ಐಸ್ ಇರುವ ಇನ್ನೊಂದು ಡಬ್ಬಿಯಲ್ಲಿಡಿ. ತುಂಡನ್ನು ನೇರವಾಗಿ ಐಸ್‌ನಲ್ಲಿ ಇಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. 108ಕ್ಕೆ ಕರೆ ಮಾಡಿ, ತುಂಡಾದ ಬೆರಳು ಇದೆ ಅಂತ ಮೊದಲೇ ಹೇಳಿ.

ದಾರಿಯಲ್ಲಿ ಊಟ, ಟೀ ಬೇಡ. ಅವತ್ತೇ ಆಪರೇಷನ್ ಆಗಬೇಕಾದರೆ ಹೊಟ್ಟೆ ಖಾಲಿ ಇರಬೇಕಾಗುತ್ತದೆ.

2. ಎಕ್ಸ್-ರೇ: “ಏನೂ ಇಲ್ಲ” ಅಂದರೂ ಮುಗಿಯಲಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೈ ಹಾಳಾಗುವುದು ಬಹಳ ಸಲ ಇದೇ ಹಂತದಲ್ಲಿ.

ಒಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿವರೆಗೆ 27 ಎಲುಬುಗಳಿವೆ. ಮಣಿಕಟ್ಟಿನಲ್ಲಿ 8 ಸಣ್ಣವು, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಅಂಗೈ ಊರಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ಇವುಗಳಲ್ಲಿ ಯಾವುದೂ ಅಲ್ಲ, ಮುಂಗೈಯ ಎಲುಬಾದ ರೇಡಿಯಸ್‌ನ ಕೆಳತುದಿ. ಈ ಮುರಿತವನ್ನು 1814ರಲ್ಲಿ ಐರ್ಲೆಂಡಿನ ಅಬ್ರಹಾಂ ಕಾಲಿಸ್ ಎಂಬ ವೈದ್ಯರು ವಿವರಿಸಿದರು, ಅದಕ್ಕೇ ಡಾಕ್ಟರ್ ಚೀಟಿಯಲ್ಲಿ ‘ಕಾಲಿಸ್’ ಅಂತ ಇರುತ್ತದೆ. ಇದು ಕೈ ಸೊಟ್ಟಗಾಗಿ ಹೊರಗೇ ಕಾಣುತ್ತದೆ, ಎಕ್ಸ್-ರೇಯಲ್ಲೂ ಸಾಮಾನ್ಯವಾಗಿ ಗೊತ್ತಾಗುತ್ತದೆ.

ತೊಂದರೆ ಕೊಡುವುದು ಸ್ಕೇಫಾಯ್ಡ್. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಒಳಗಿರುವ ಸಣ್ಣ ಎಲುಬು. ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿದರೆ ಅದರ ಬುಡದಲ್ಲಿ ಎರಡು ಹುರಿಗಳ (ಸ್ನಾಯುವನ್ನು ಎಲುಬಿಗೆ ಸೇರಿಸುವ ಟೆಂಡನ್) ನಡುವೆ ಒಂದು ಗುಳಿ ಬೀಳುತ್ತದೆ. ಆ ಗುಳಿಯೊಳಗೆ ಬೆರಳಿಟ್ಟು ಒತ್ತಿದರೆ ಜೋರಾಗಿ ನೋವಾಗುತ್ತಾ? ಹಾಗಾದರೆ ಎಕ್ಸ್-ರೇ ಸರಿ ಇದ್ದರೂ ಸ್ಕೇಫಾಯ್ಡ್ ಮುರಿದಿದೆ ಅಂತಲೇ ಎಣಿಸಿ ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ, ಹಾಕಬೇಕು. ಮೊದಲ ದಿನದ ಎಕ್ಸ್-ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಹತ್ತರಿಂದ ಹದಿನಾಲ್ಕು ದಿನದ ಮೇಲೆ ಇನ್ನೊಮ್ಮೆ ತೆಗೆಸಬೇಕು, ಇಲ್ಲವೇ ಎಂಆರ್‌ಐ ಅಥವಾ ಸಿಟಿ ಮಾಡಿಸಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಒಳಹೊಕ್ಕು ಹಿಂದಕ್ಕೆ ಹರಿಯುತ್ತದೆ. ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳ ಪಾಡು ನಿಮಗೆ ಗೊತ್ತಲ್ಲ. ನಡುವೆ ನಾಲೆ ಒಡೆದರೆ ತುದಿಗೆ ನೀರಿಲ್ಲ. ಸ್ಕೇಫಾಯ್ಡ್ ನಡುವಲ್ಲಿ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಲ್ಲುತ್ತದೆ. ಕೂಡಲು ತಡವಾಗುತ್ತದೆ, ಕೆಲವೊಮ್ಮೆ ಆ ತುಂಡು ಸತ್ತೇ ಹೋಗುತ್ತದೆ. ವರ್ಷಗಳ ನಂತರ ಮಣಿಕಟ್ಟು ಸವೆದು, ಬಕೆಟ್ ಎತ್ತಿದರೂ ನೋವು. “ಆವಾಗ ಉಳುಕಿತ್ತು ಅಷ್ಟೇ” ಅಂತ ಹೇಳುವ ಹುಡುಗರಲ್ಲಿ ಎಷ್ಟೋ ಜನರದ್ದು ಇದೇ.

ಇನ್ನೊಂದು ಕಣ್ತಪ್ಪುವುದು ಮಣಿಕಟ್ಟಿನ ಸಣ್ಣ ಎಲುಬುಗಳ ಕೀಲು ಜಾರಿರುವುದು. ಲುನೇಟ್ ಎಂಬ ಎಲುಬಿನ ಸುತ್ತ ಉಳಿದವು ಸರಿದಿರುತ್ತವೆ. ಬೈಕಿನಿಂದ ಅಥವಾ ಎತ್ತರದಿಂದ ಬಿದ್ದವರಲ್ಲಿ ಕಾಣುತ್ತದೆ. ನೇರ ಎಕ್ಸ್-ರೇಯಲ್ಲಿ ಸುಲಭಕ್ಕೆ ಗೊತ್ತಾಗದು, ಪಕ್ಕದಿಂದ ತೆಗೆದದ್ದು ಬೇಕು. ಬಿದ್ದ ಮೇಲೆ ಬಾವು ವಿಪರೀತ ಇದ್ದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದ ಹಾಗಿದ್ದರೆ ಅಂಗೈಗೆ ಹೋಗುವ ಮೀಡಿಯನ್ ನರ ಒತ್ತಿಕೊಂಡಿದೆ ಅಂತ ಅರ್ಥ. ಇದು ಅವತ್ತೇ ಕೂರಿಸಬೇಕಾದ ಕೀಲು. ಆದ್ದರಿಂದ ನೇರ ಮತ್ತು ಪಕ್ಕದ ಎಕ್ಸ್-ರೇ ಎರಡೂ ಆಗಿದೆಯಾ ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೆರಳು ಮುರಿದಿದ್ದರೆ ನೀವೇ ನೋಡಬಹುದಾದದ್ದು ಒಂದಿದೆ. ನಾಲ್ಕೂ ಬೆರಳನ್ನು ಮೆಲ್ಲಗೆ, ಆಗುವಷ್ಟು ಮಡಚಿ. ತುದಿಗಳು ಹೆಬ್ಬೆರಳಿನ ಬುಡದ ಕಡೆಗೆ ವಾಲಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತರೆ, ಉಗುರು ಬೇರೆ ದಿಕ್ಕಿಗೆ ತಿರುಗಿದ್ದರೆ ಎಲುಬು ತಿರುಚಿಕೊಂಡಿದೆ. ಬೆರಳು ನೆಟ್ಟಗಿರುವಾಗ ಇದು ಕಾಣುವುದೇ ಇಲ್ಲ. ಹೀಗೇ ಕೂಡಿದರೆ ಮುಷ್ಟಿ ಹಿಡಿಯುವಾಗ ಬೆರಳುಗಳು ಒಂದಕ್ಕೊಂದು ಅಡ್ಡ ಬರುತ್ತವೆ.

3. ಆಪರೇಷನ್ ಬೇಕೋ ಬೇಡವೋ

ಎಲ್ಲ ಮುರಿತಕ್ಕೂ ಆಪರೇಷನ್ ಬೇಡ. ಜರುಗದ ಮುರಿತ ಅಥವಾ ಎಳೆದು ಸರಿಮಾಡಿದ ಮೇಲೆ ಜಾಗದಲ್ಲೇ ನಿಲ್ಲುವ ಮುರಿತ ಪಟ್ಟಿಯಲ್ಲೇ ಕೂಡುತ್ತದೆ. ಕ್ರಿಕೆಟ್ ಚೆಂಡು ತಗುಲಿ ಬೆರಳ ತುದಿ ಕೆಳಗೆ ಜೋತುಬಿದ್ದರೆ ಹೆಚ್ಚಿನ ಸಲ ಆರರಿಂದ ಎಂಟು ವಾರ ಬಿಡದೆ ತುದಿಯನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಹಾಕಿದರೆ ಸಾಕು. ಸ್ನಾನಕ್ಕೆ ಅಂತ ಒಂದು ಸಲ ತೆಗೆದು ತುದಿ ಜೋತುಬಿದ್ದರೂ ಲೆಕ್ಕ ಮತ್ತೆ ಮೊದಲಿನಿಂದ. 65 ದಾಟಿದ, ಭಾರದ ಕೆಲಸ ಇಲ್ಲದ ಹಿರಿಯರಲ್ಲಿ ಮಣಿಕಟ್ಟು ಸ್ವಲ್ಪ ಸೊಟ್ಟ ಕೂಡಿದರೂ ವರ್ಷದ ನಂತರ ಕೈಯ ಕೆಲಸ ಆಪರೇಷನ್ ಆದವರಷ್ಟೇ ಚೆನ್ನಾಗಿರುವುದು ಉಂಟು. ಮನೆಯ ಅಜ್ಜಿಗೆ ಡಾಕ್ಟರು ಪಟ್ಟಿ ಸಾಕು ಅಂದರೆ ಅದು ತಾತ್ಸಾರ ಅಲ್ಲ.

ಆಪರೇಷನ್ ಹೇಳುವುದು ಎಲುಬು ಜಾಸ್ತಿ ಜರುಗಿದಾಗ, ಬಿರುಕು ಕೀಲಿನ ಒಳಗೆ ಹೋಗಿ ಮೆಟ್ಟಿಲಿನಷ್ಟು ಏರುಪೇರಾದಾಗ, ಬೆರಳು ತಿರುಚಿದಾಗ, ಗಾಯ ತೆರೆದಿದ್ದಾಗ, ನರಕ್ಕೆ ಒತ್ತಡ ಬಿದ್ದಾಗ, ಪಟ್ಟಿಯೊಳಗೆ ಮತ್ತೆ ಜಾರಿದಾಗ. ಕೊನೆಯದನ್ನು ಮರೆಯಬೇಡಿ. ಮಣಿಕಟ್ಟಿಗೆ ಪಟ್ಟಿ ಹಾಕಿದ ಮೇಲೆ ಮೊದಲ ಎರಡು ಮೂರು ವಾರ ವಾರಕ್ಕೊಂದು ಎಕ್ಸ್-ರೇ ಹೇಳುತ್ತಾರೆ. ದುಡ್ಡು ದಂಡ ಅಂತ ತಪ್ಪಿಸಬೇಡಿ. ಬಾವು ಇಳಿದ ಹಾಗೆ ಪಟ್ಟಿ ಸಡಿಲವಾಗಿ ಎಲುಬು ಜಾರುವುದು ಆಗಲೇ.

ಸಮಯದ ಲೆಕ್ಕವೂ ಮುಖ್ಯ. ಮಣಿಕಟ್ಟಿನ ಆಪರೇಷನ್ ಎರಡು ವಾರದೊಳಗೆ ಆದರೆ ಸುಲಭ. ಬೆರಳಿನದ್ದು ಇನ್ನೂ ಬೇಗ, ವಾರ ಹತ್ತು ದಿನದೊಳಗೆ. ಮೂರು ನಾಲ್ಕು ವಾರ ಕಳೆದರೆ ಸೊಟ್ಟಗೇ ಕೂಡಲು ಶುರುವಾಗಿರುತ್ತದೆ, ಅದನ್ನು ಬಿಡಿಸಿಯೇ ಕೂರಿಸಬೇಕು.

ನಾಟಿ ಕಟ್ಟಿನ ಬಗ್ಗೆ ಕೇಳದ ದಿನವಿಲ್ಲ. ನಂಬಿಕೆಯ ಮೇಲೆ ನನಗೆ ಜಗಳ ಇಲ್ಲ. ಆದರೆ ಕೈಯ ಮುರಿತಕ್ಕೆ ಬಿದಿರು ದಬ್ಬೆಯ ಬಿಗಿ ಕಟ್ಟು ಹಾಕಿಸಿ ಅಂತ ನಾನು ಯಾರಿಗೂ ಹೇಳಲಾರೆ. ಎಕ್ಸ್-ರೇ ಇಲ್ಲದೆ ಕೀಲಿನ ಒಳಗಿನ ಮುರಿತ ಯಾರ ಬೆರಳಿಗೂ ತಿಳಿಯದು. ಬಿಗಿ ಕಟ್ಟಿನೊಳಗೆ ಬಾವು ಏರಿದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಆಮೇಲೆ ಬೆರಳು ಕೊಕ್ಕೆಯ ಹಾಗೆ ಮಡಚಿಕೊಂಡೇ ಉಳಿಯುತ್ತದೆ. ಈಗಾಗಲೇ ಯಾವುದೇ ಕಟ್ಟು ಹಾಕಿಸಿದ್ದರೆ, ಅದು ಆಸ್ಪತ್ರೆಯ ಪಟ್ಟಿಯೇ ಆಗಿರಲಿ, ಬೆರಳು ನೆಟ್ಟಗೆ ಮಾಡಿದಾಗ ಜೀವ ಹೋಗುವಂಥ ನೋವು, ಮರಗಟ್ಟುವುದು, ಬೆರಳು ಬಿಳಿಚಿಕೊಳ್ಳುವುದು ಅಥವಾ ನೀಲಿಯಾಗುವುದು ಕಂಡರೆ ಆ ರಾತ್ರಿಯೇ ಬಿಚ್ಚಿಸಿ.

4. ಯಾವ ಆಪರೇಷನ್, ಒಳಗೆ ಏನು ಹಾಕುತ್ತಾರೆ

ನಮ್ಮ ಜನ ಎಲ್ಲದಕ್ಕೂ ‘ರಾಡ್ ಹಾಕಿದಾರೆ’ ಅಂತಾರೆ. ಕೈಗೆ ಸಾಮಾನ್ಯವಾಗಿ ಹಾಕುವುದು ಬೇರೆ.

ಕೆ-ವೈರ್ ಅಂದರೆ ತೆಳ್ಳನೆಯ ಗಟ್ಟಿ ತಂತಿ. ಚರ್ಮ ಹೆಚ್ಚು ಕೊಯ್ಯದೆ ಎಲುಬಿಗೆ ತೂರಿಸುತ್ತಾರೆ. ಹೆಚ್ಚಾಗಿ ತುದಿ ಬಾಗಿಸಿ ಹೊರಗೇ ಬಿಟ್ಟಿರುತ್ತಾರೆ. ಬೆರಳಿನದ್ದು ಮೂರು ನಾಲ್ಕು ವಾರಕ್ಕೆ, ಮಣಿಕಟ್ಟಿನದ್ದು ನಾಲ್ಕರಿಂದ ಆರು ವಾರಕ್ಕೆ ಓಪಿಡಿಯಲ್ಲೇ ತೆಗೆಯುತ್ತಾರೆ. ಖರ್ಚು ಕಡಿಮೆ. ಆದರೆ ಪಟ್ಟಿಯೂ ಜೊತೆಗೆ ಬೇಕು, ತಂತಿಯ ಬುಡಕ್ಕೆ ಸೋಂಕು ತಗಲದ ಹಾಗೆ ಕಾಯಬೇಕು.

ಮಣಿಕಟ್ಟಿಗೆ ಈಗ ಜಾಸ್ತಿ ಹಾಕುವುದು ಅಂಗೈ ಕಡೆಯಿಂದ ಕೂರಿಸುವ ಲಾಕಿಂಗ್ ಪ್ಲೇಟ್. ಇದರ ಸ್ಕ್ರೂಗಳ ತಲೆಗೂ ಪ್ಲೇಟಿನ ತೂತಿಗೂ ತಿರುಪಿನ ಗೀರು ಇರುತ್ತದೆ. ಸ್ಕ್ರೂ ಪ್ಲೇಟಿಗೇ ಬಿಗಿಯಾಗಿ ಕೂರುವುದರಿಂದ ಪೊಳ್ಳಾದ ಎಲುಬಿನಲ್ಲೂ ಹಿಡಿತ ಸಿಗುತ್ತದೆ. ಕೈಯನ್ನು ಬೇಗ ಆಡಿಸಲು ಬಿಡುತ್ತಾರೆ, ಅದೇ ಇದರ ದೊಡ್ಡ ಲಾಭ. ಸ್ಕೇಫಾಯ್ಡ್‌ಗೆ ತಲೆಯಿಲ್ಲದ ಸಣ್ಣ ಸ್ಕ್ರೂ ಹಾಕುತ್ತಾರೆ, ಅದು ಎಲುಬಿನೊಳಗೇ ಮುಳುಗಿ ಎರಡು ತುಂಡನ್ನೂ ಬಿಗಿದು ಹಿಡಿಯುತ್ತದೆ. ಹಳೆಯ, ಕೂಡದ ಮುರಿತವಾದರೆ ಸೊಂಟದ ಎಲುಬಿನಿಂದ ಅಥವಾ ಮುಂಗೈಯಿಂದ ಚೂರು ಎಲುಬು ತೆಗೆದು ತುಂಬುವುದೂ ಇದೆ. ಎಲುಬು ನುಚ್ಚುನೂರಾಗಿ ಗಾಯ ದೊಡ್ಡದಾಗಿದ್ದರೆ ಹೊರಗಿನಿಂದ ಕಂಬಿ ಕಟ್ಟುವ ಫಿಕ್ಸೇಟರ್. ಮಣಿಕಟ್ಟಿನ ಕೀಲು ಜಾರಿದ್ದರೆ ಕೂರಿಸುವುದಷ್ಟೇ ಸಾಲದು, ಹರಿದ ಲಿಗಮೆಂಟನ್ನು, ಅಂದರೆ ಎಲುಬಿಗೆ ಎಲುಬು ಕಟ್ಟಿಹಿಡಿಯುವ ನಾರನ್ನು, ಹೊಲಿದು ತಂತಿ ಹಾಕಬೇಕು. ಚೇತರಿಕೆಯೂ ನಿಧಾನ.

ಡಾಕ್ಟರನ್ನು ಇಷ್ಟು ಕೇಳಿ: ಹಾಕುವುದು ಏನು? ತೆಗೆಯಬೇಕಾ? ಬೆರಳು, ಮಣಿಕಟ್ಟು ಯಾವ ದಿನದಿಂದ ಆಡಿಸಬಹುದು? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

5. ಕಾಗದ, ದುಡ್ಡು, ತಯಾರಿ

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಜಗಳೂರು, ಮೊಳಕಾಲ್ಮೂರು ಕಡೆಯವರು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್-ರೇ, ಪಟ್ಟಿ ಮಾಡಿಸಿಕೊಂಡೇ ಹೊರಡಿ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡ್, ಆಧಾರ್ ಎರಡೂ ತನ್ನಿ. ಜನ ಎಡವುವುದು ಇಲ್ಲಿ: ತುರ್ತು ಅಲ್ಲದ ಆಪರೇಷನ್‌ಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಬಿಡುತ್ತಾರೆ, ಆಮೇಲೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲ ಅಂತ ಯೋಜನೆ ಸಿಗುವುದಿಲ್ಲ. ಸೇರುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕಂಡು, ನಿಮ್ಮ ಆಪರೇಷನ್ ಯೋಜನೆಯಲ್ಲಿದೆಯಾ, ಪ್ಲೇಟಿನ ಬೆಲೆ ಅದರಲ್ಲೇ ಸೇರಿದೆಯಾ ಅಂತ ಕೇಳಿ. ಫ್ಯಾಕ್ಟರಿ, ಮಿಲ್ಲಿನ ಕೆಲಸದವರು ಇಎಸ್‌ಐ ಕಾರ್ಡ್ ಮರೆಯಬೇಡಿ. ರಸ್ತೆ ಅಪಘಾತವಾದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ದಾಖಲೆ, ಮೊದಲ ದಿನವೇ ಆಗಲಿ. ಪರಿಹಾರ ಕೇಳುವಾಗ ಅದು ಬೇಕು.

ಶುಗರ್, ಬಿಪಿ, ಹೃದಯದ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಏನಿದ್ದರೂ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಬೀಡಿ, ಸಿಗರೇಟು, ಗುಟ್ಕಾ ಇವತ್ತೇ ಬಿಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಎಲುಬು ಕೂಡುವುದು ತಡವಾಗುತ್ತದೆ. ಆಪರೇಷನ್‌ಗೆ 6 ಗಂಟೆ ಮೊದಲಿನಿಂದ ಊಟ ಬೇಡ, ನೀರು ಎಷ್ಟು ಹೊತ್ತಿನವರೆಗೆ ಅಂತ ಅರಿವಳಿಕೆ ಡಾಕ್ಟರು ಹೇಳುತ್ತಾರೆ. ಉಗುರು ಕತ್ತರಿಸಿ, ಬಣ್ಣ ಇದ್ದರೆ ತೆಗೆಯಿರಿ.

6. ಆಪರೇಷನ್ ದಿನ

ಹೆಚ್ಚಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಕುತ್ತಿಗೆ ಅಥವಾ ಕಂಕುಳ ಹತ್ತಿರ ಇಂಜೆಕ್ಷನ್ ಕೊಟ್ಟು ಕೈಯನ್ನು ಮಾತ್ರ ಮರಗಟ್ಟಿಸುತ್ತಾರೆ. ಸಂಜೆವರೆಗೂ ಕೈ ನಿಮ್ಮದಲ್ಲವೇನೋ ಅನ್ನಿಸುತ್ತದೆ, ಹೆದರಬೇಡಿ. ಮರಗಟ್ಟಿರುವಾಗ ಬಿಸಿ ಲೋಟ, ಮಂಚದ ಅಂಚು ತಗುಲಿದರೂ ಗೊತ್ತಾಗದು, ಜೋಪಾನ. ನೋವು ಪೂರ್ತಿ ತಿರುಗಿ ಬರುವ ಮೊದಲೇ ಹೇಳಿದ ಮಾತ್ರೆ ತಗೊಳ್ಳಿ.

7. ಮೊದಲ ಎರಡು ವಾರ

ನನ್ನ ಕೈಯಲ್ಲಿ ಆಗಿದ್ದರೆ ಪ್ರತಿ ವಾರ್ಡಿನ ಗೋಡೆಯ ಮೇಲೆ ಬರೆಸುತ್ತಿದ್ದೆ: ಕೈ ಮೇಲೆ, ಬೆರಳು ಆಡಲಿ.

ಕೂತಾಗ, ಮಲಗಿದಾಗ ಎರಡು ದಿಂಬಿನ ಮೇಲೆ ಕೈ ಇಡಿ. ಕೊರಳಿಗೆ ಹಾಕುವ ಜೋಳಿಗೆ ನಡೆದಾಡುವಾಗ ಮಾತ್ರ. ಇಡೀ ದಿನ ಅದರಲ್ಲೇ ಕೈ ಇಟ್ಟುಕೊಂಡರೆ ಬೆರಳು ಕೆಳಗೆ ಜೋತು ಬಾವು ಏರುತ್ತದೆ, ಭುಜವೂ ಬಿಗಿಯುತ್ತದೆ. ಪಟ್ಟಿ ಅಂಗೈಯ ದೊಡ್ಡ ಗೆರೆಗಿಂತ ಹಿಂದೆ ನಿಂತಿದೆಯಾ ನೋಡಿ. ಮಣಿಕಟ್ಟಿನ ಮುರಿತಕ್ಕೆ ಹಾಕಿದ ಪಟ್ಟಿ ಬೆರಳಿನ ಬುಡದ ಗಂಟುಗಳನ್ನೂ ಮುಚ್ಚಿದ್ದರೆ, ಹಾಗೇ ಬೇಕಿತ್ತಾ ಅಂತ ಕೇಳಿ.

ಡಾಕ್ಟರು ಬೇಡ ಅಂದಿಲ್ಲವಾದರೆ, ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಹೀಗೆ ಮಾಡಿ. ಬೆರಳು ಪೂರ್ತಿ ನೆಟ್ಟಗೆ. ಆಮೇಲೆ ತುದಿ ಎರಡು ಗೆಣ್ಣು ಮಾತ್ರ ಮಡಚಿ ಕೊಕ್ಕೆ. ಆಮೇಲೆ ಪೂರ್ತಿ ಮುಷ್ಟಿ. ಹೆಬ್ಬೆರಳ ತುದಿ ಒಂದೊಂದೇ ಬೆರಳಿನ ತುದಿಗೆ ಮುಟ್ಟಲಿ. ಮೊಣಕೈ, ಭುಜವನ್ನೂ ದಿನಕ್ಕೆ ನಾಲ್ಕಾರು ಸಲ ಪೂರ್ತಿ ಎತ್ತಿ ಇಳಿಸಿ. ನೋಯುತ್ತದೆ, ಹೊಲಿಗೆ ಬಿಚ್ಚಿಕೊಂಡೀತು ಅಂತ ಭಯವೂ ಆಗುತ್ತದೆ. ಇಷ್ಟು ಆಡಿಸಿದರೆ ಪ್ಲೇಟ್ ಅಲುಗುವುದಿಲ್ಲ. ಬೆರಳಿನದೇ ಎಲುಬಿಗೆ ತಂತಿ ಹಾಕಿದ್ದರೆ ಆ ಬೆರಳು ಬಿಟ್ಟು ಉಳಿದವನ್ನು ಆಡಿಸಿ.

ಹೊರಗಿರುವ ತಂತಿಯ ಬುಡ ಒಣಗಿರಲಿ. ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ, ಸಗಣಿ, ಕೆಸರು, ಹಿಟ್ಟಿನ ಕೆಲಸದಿಂದ ದೂರ ಇಡಿ. ಬುಡ ಕೆಂಪಾಗಿ ಕೀವು ಕಂಡರೆ, ತಂತಿ ಹೊರಗೆ ಬಂದ ಹಾಗೆ ಅಥವಾ ಒಳಗೆ ಹೋದ ಹಾಗೆ ಕಂಡರೆ, ಜ್ವರ ಬಂದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ಮುಂದಿನ ತಾರೀಖಿಗೆ ಕಾಯಬೇಡಿ. ಹೊಲಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ.

8. ಎರಡನೇ ವಾರದಿಂದ ಮೂರನೇ ತಿಂಗಳು

ಪ್ಲೇಟ್ ಹಾಕಿದ ಮಣಿಕಟ್ಟನ್ನು ಸುಮಾರು ಎರಡು ವಾರದಿಂದ ಆಡಿಸಲು ಬಿಡುತ್ತಾರೆ. ಮೇಲೆ ಕೆಳಗೆ ಬಗ್ಗಿಸುವುದನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಅಂಗೈ ಮಗುಚುವುದನ್ನು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಂಗೈ ಮೇಲಕ್ಕೆ, ಆಮೇಲೆ ಕೆಳಕ್ಕೆ ತಿರುಗಿಸಿ. ಮೊಣಕೈ ಪಕ್ಕೆ ಬಿಟ್ಟರೆ ಭುಜ ಮೋಸ ಮಾಡುತ್ತದೆ, ತಿರುಗಿದ ಹಾಗೆ ಕಾಣುತ್ತದೆ ಅಷ್ಟೇ. ಬೆಳಗ್ಗೆ ಬೆಚ್ಚನೆಯ ನೀರಲ್ಲಿ ಹತ್ತು ನಿಮಿಷ ಕೈ ಇಟ್ಟು ಶುರು ಮಾಡಿದರೆ ಸುಲಭ, ಗಾಯ ಪೂರ್ತಿ ಒಣಗಿದ್ದರೆ ಮಾತ್ರ.

ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು, ಬೇರೆಯವರಿಂದ ಬಲವಂತವಾಗಿ ಬೆರಳು ಬಗ್ಗಿಸಿಸುವುದು ಬೇಡ. ಬಾವು ಜಾಸ್ತಿಯಾಗಿ ಕೀಲು ಇನ್ನೂ ಬಿಗಿಯುತ್ತದೆ. ನಿಮ್ಮ ಕೈಯನ್ನು ನೀವೇ ಆಡಿಸಬೇಕು. ವಾರಕ್ಕೊಮ್ಮೆ, ಮುಷ್ಟಿ ಹಿಡಿದಾಗ ಬೆರಳ ತುದಿಗೂ ಅಂಗೈ ಗೆರೆಗೂ ಎಷ್ಟು ಸಂದು ಉಳಿಯಿತು ಅಂತ ಅಳತೆಪಟ್ಟಿಯಲ್ಲಿ ನೋಡಿ ಬರೆದಿಡಿ. ಎರಡು ವಾರ ಆ ಸಂದು ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಯವರ ಹತ್ತಿರ ಹೋಗಿ. ಊರಿಂದ ದಿನಾ ಬರಲು ಆಗುವುದಿಲ್ಲ ಅನ್ನುವವರು ವಾರಕ್ಕೊಮ್ಮೆ ಬಂದು ಕಲಿತು ಹೋಗಿ, ಮನೆಯಲ್ಲಿ ಮಾಡಿ. ಅದೂ ನಡೆಯುತ್ತದೆ.

ತಟ್ಟೆ, ಲೋಟ, ಬಟ್ಟೆ ಗುಂಡಿಯಂಥ ಸಣ್ಣ ಕೆಲಸ ಬೇಗ ಶುರು ಮಾಡಿ. ಭಾರ ಎತ್ತುವುದು ಆರು ವಾರದ ಎಕ್ಸ್-ರೇ ಆದಮೇಲೆ, ಅದೂ ಸ್ವಲ್ಪ ಸ್ವಲ್ಪವೇ. ಸನಿಕೆ, ಗುದ್ದಲಿ, ಚೀಲ ಹೊರುವುದು ಸುಮಾರು ಮೂರು ತಿಂಗಳಿಗೆ. ರೊಟ್ಟಿ ತಟ್ಟಲು ಮಣಿಕಟ್ಟು ಹಿಂದಕ್ಕೆ ಚೆನ್ನಾಗಿ ಬಗ್ಗಬೇಕು, ಮುದ್ದೆ ತಿರುವಲು ಹಿಡಿತ ಬೇಕು. ಇವು ತಡವಾಗಿ ಬರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಹಿಡಿತದ ಬಲ ವರ್ಷದವರೆಗೂ ಏರುತ್ತಾ ಇರುತ್ತದೆ. ಸ್ಕೇಫಾಯ್ಡ್ ಮತ್ತು ಕೀಲು ಜಾರಿದ ಮಣಿಕಟ್ಟಿನ ಲೆಕ್ಕ ಬೇರೆ, ಅವಕ್ಕೆ ಡಾಕ್ಟರು ಹೇಳಿದ ತಾರೀಖೇ ಅಂತಿಮ. ಜಾರಿ ಕೂರಿಸಿದ ಬೆರಳಿನ ಗೆಣ್ಣು ತಿಂಗಳುಗಟ್ಟಲೆ ದಪ್ಪಗೇ ಇರುವುದು ಸಹಜ.

ಎರಡು ವಿಷಯಕ್ಕೆ ಎಚ್ಚರ. ಹೆಬ್ಬೆರಳು ಇದ್ದಕ್ಕಿದ್ದ ಹಾಗೆ ಮೇಲೇಳದೆ ಜೋತುಬಿದ್ದರೆ ಅದರ ಹುರಿ ಎಲುಬಿಗೋ ಸ್ಕ್ರೂಗೋ ಉಜ್ಜಿ ಹರಿದಿರಬಹುದು. ಪಟ್ಟಿ ಮಾತ್ರ ಹಾಕಿದ, ಜರುಗದ ಮುರಿತದಲ್ಲೂ ಇದು ಆಗುತ್ತದೆ. ಇನ್ನೊಂದು, ಪೆಟ್ಟಿಗೆ ಮೀರಿದ ಉರಿ ನೋವು. ಚರ್ಮ ಹೊಳೆಯುತ್ತದೆ, ಒಮ್ಮೆ ಕೆಂಪು ಒಮ್ಮೆ ನೀಲಿ, ಬೆವರು, ಬಟ್ಟೆ ತಾಗಿದರೂ ತಡೆಯಲಾಗದು. ಇದು ನರಗಳ ತೊಂದರೆ, ಸಿಆರ್‌ಪಿಎಸ್ ಅನ್ನುತ್ತಾರೆ. ಬೇಗ ಹಿಡಿದರೆ ವಾಸಿ ಮಾಡಲು ಸುಲಭ. “ನಾಟಕ ಮಾಡ್ತಾಳೆ” ಅಂತ ಮನೆಯವರು ದಯವಿಟ್ಟು ಅನ್ನಬೇಡಿ.

9. ಪ್ಲೇಟ್ ತೆಗೆಸಬೇಕಾ?

ತೊಂದರೆ ಕೊಡದ ಪ್ಲೇಟನ್ನು ತೆಗೆಸುವುದು ಬೇಕಿಲ್ಲ. ಸುಮ್ನೆ ಇನ್ನೊಂದು ಆಪರೇಷನ್ ಯಾಕೆ? ಬೆರಳು ಮಡಚುವಾಗ ಮಣಿಕಟ್ಟಿನಲ್ಲಿ ಕರಕರ ಅಂದರೆ, ಚುಚ್ಚಿದರೆ, ಸ್ಕ್ರೂ ಸಡಿಲವಾದರೆ ತೋರಿಸಿ, ಆಗ ತೆಗೆಯುತ್ತಾರೆ. ಮುಂದೆ ಯಾವಾಗಾದರೂ ಎಂಆರ್‌ಐ ಮಾಡಿಸುವಾಗ ಪ್ಲೇಟ್ ಇದೆ ಅಂತ ಹೇಳಿ, ಡಿಸ್ಚಾರ್ಜ್ ಕಾರ್ಡ್ ಜೋಪಾನವಾಗಿಡಿ.

50 ದಾಟಿದ ಹೆಂಗಸರು ಅಂಗಳದಲ್ಲಿ ಜಾರಿ ಅಂಗೈ ಊರಿದ್ದಕ್ಕೇ ಮಣಿಕಟ್ಟು ಮುರಿದಿದ್ದರೆ ಎಲುಬು ಪೊಳ್ಳಾಗಿರುವ ಸಾಧ್ಯತೆ ಇದೆ. ಮುಂದಿನ ಸಲ ಮುರಿಯುವುದು ಸೊಂಟವೋ ಬೆನ್ನೆಲುಬೋ ಆಗಬಹುದು. ಆರು ವಾರದ ಎಕ್ಸ್-ರೇಗೆ ಹೋದಾಗ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮತ್ತು ವಿಟಮಿನ್ ಡಿ ಬಗ್ಗೆ ನೀವಾಗಿಯೇ ಕೇಳಿ. ಕೈ ವಾಸಿಯಾಯ್ತಲ್ಲ ಅನ್ನುವ ಖುಷಿಯಲ್ಲಿ ಇದು ಬಿಟ್ಟುಹೋಗುತ್ತದೆ.